ನೀಲಿಯ ಕಂಬಸಾಲು

ಮಾರ್ಚ್ 4, ಸೋಮವಾರ

ಬಲಗಣ್ಣಿನ ಪಟ್ಟಿ ಬಿಚ್ಚಿ ಎರಡು ದಿನವಾಯಿತು. ಬೆಳಗ್ಗಿನಿಂದ ಅಡುಗೆಮನೆಯ ಗೋಡೆ ನೋಡುತ್ತಾ ಕುಳಿತಿದ್ದೇನೆ. ಎಡಗಣ್ಣು ಮುಚ್ಚಿದರೆ ಗೋಡೆ ಬೆಳ್ಳಗೆ, ಒಗೆದು ಹಿಂಡಿದ ಬಟ್ಟೆಯ ಹಾಗೆ. ಬಲಗಣ್ಣು ಮುಚ್ಚಿದರೆ ಅದೇ ಗೋಡೆ ಹಳೇ ಬೆಣ್ಣೆಯ ಬಣ್ಣ. ಈ ಗೋಡೆಗೆ ಬಣ್ಣ ಕಲಸಿದವನು ನಾನೇ. ಯಾವ ಕಣ್ಣನ್ನು ನಂಬಲಿ ಎಂದು ಡಾಕ್ಟರನ್ನು ಕೇಳಿದರೆ "ಹೊಸದನ್ನ" ಎಂದರು. ಒಳಗಿನ ಪೊರೆ ತೆಗೆದು ಹೊಸ ಮಸೂರ ಕೂರಿಸಿದವರು ಅವರು. ತಮ್ಮ ಮಾಲನ್ನು ತಾವೇ ಹೊಗಳದೆ ಇನ್ನೇನು ಮಾಡುತ್ತಾರೆ.

ಎಡಗಣ್ಣಿನ ಸರದಿ ಏಪ್ರಿಲ್ ಎಂಟಕ್ಕೆ. ಅಲ್ಲಿಯವರೆಗೆ, ಅದಾದ ಮೇಲೂ ಎರಡು ವಾರ, ಅಂಗಡಿಯ ಕಡೆ ತಲೆ ಹಾಕಿಯೂ ಮಲಗಬಾರದಂತೆ. ಧೂಳು, ತಿನ್ನರ್ ವಾಸನೆ, ಭಾರ ಎತ್ತುವುದು, ಬಗ್ಗುವುದು ಎಲ್ಲಕ್ಕೂ ನಿಷೇಧ. ಮೂವತ್ತೊಂದು ವರ್ಷ ಬಣ್ಣದಂಗಡಿಯಲ್ಲಿ ನಿಂತು ಬಣ್ಣ ಕಲಸಿದವನನ್ನು ಏಳು ವಾರ ಮನೆಯಲ್ಲಿ ಕೂರಿಸಿದರೆ ಅವನು ಮಾತಾಡದೆ ಏನು ಮಾಡಿಯಾನು? ಹೆಂಡತಿ ಹೋದಲ್ಲೆಲ್ಲ ಹಿಂದೆ ಹೋಗಿ ಮಾತಾಡಿದೆ. ಮಧ್ಯಾಹ್ನ ಅವಳು ಈ ನೋಟ್‌ಬುಕ್ ತಂದು ಎದುರಿಗೆ ಕುಕ್ಕಿದಳು.

"ರೀ, ಹೇಳೋದನ್ನೆಲ್ಲ ಇನ್ಮೇಲೆ ಇದಕ್ಕೆ ಹೇಳಿ. ನಿಮ್ಮ ಕಣ್ಣಿನ ಜೊತೆ ನನ್ನ ಕಿವಿಗೂ ಆಪರೇಶನ್ ಆಗೋದು ಬೇಡ."

ಹಾಗಾಗಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಈಗ ಮಾಲೀಕರು ಮತ್ತು ಮುಚ್ಚಳಮ್ಮ ಇಬ್ಬರೇ. ಮುಚ್ಚಳಮ್ಮ ಎಂಬುದು ನಾನಿಟ್ಟ ಹೆಸರು. ನಾನು ಕಲಸಿಕೊಟ್ಟ ಡಬ್ಬಿಗೆ ಮುಚ್ಚಳ ಬಡಿಯುವುದು, ಮುಚ್ಚಳದ ಮೇಲೆ ಒಂದು ಬೊಟ್ಟು ಬಣ್ಣ ಇಡುವುದು, ಯಾವ ಬಣ್ಣ ಎಷ್ಟು ಎಂದು ಲೇಬಲ್ ಬರೆದು ಅಂಟಿಸುವುದು, ಇಷ್ಟೇ ಅವಳ ಕೆಲಸ. ಬಂದು ಆರು ವರ್ಷವಾಯಿತು. ಪಾಪದವಳು, ಮಾತು ಕಡಿಮೆ. ಬಣ್ಣ ಗೊತ್ತಿಲ್ಲ, ಸುತ್ತಿಗೆ ಗೊತ್ತು. ನಾನಿಲ್ಲದೆ ಇಬ್ಬರೂ ಏನು ಮಾಡುತ್ತಾರೋ.

ಮಾರ್ಚ್ 6, ಬುಧವಾರ

ಮಾಲೀಕರು ಫೋನ್ ಮಾಡಿದರು. "ಮೇಸ್ತ್ರಿ, ಜೂನ್‌ಗೆ ಬಣ್ಣ ಕಲಸೋ ಯಂತ್ರ ಬರ್ತಿದೆ. ಅದರ ಹೊಟ್ಟೆಗೆ ನಿಮ್ಮ ಪುಸ್ತಕ ಹಾಕ್ಬೇಕು. ಹೇಗೂ ಕೂತೇ ಇದ್ದೀರಲ್ಲ, ಕಂಪ್ಯೂಟರ್‌ಗೆ ಏರಿಸಿಬಿಡಿ."

ಸಂಜೆಯೊಳಗೆ ಪುಸ್ತಕ ಮನೆಗೆ ಬಂತು. ರಟ್ಟು ಕಿತ್ತುಬಂದಿದೆ, ಅಂಚಿಗೆಲ್ಲ ಬಣ್ಣದ ಬೆರಳಚ್ಚು. ಮೂವತ್ತೊಂದು ವರ್ಷದಲ್ಲಿ ನಾನು ಹುಟ್ಟಿಸಿದ ಪ್ರತಿ ಬಣ್ಣಕ್ಕೂ ಇದರಲ್ಲಿ ಒಂದು ಸಾಲಿದೆ. ಬಿಳಿ ಬಣ್ಣದ ಡಬ್ಬಿಗೆ ಯಾವುದು ಎಷ್ಟು ತೊಟ್ಟು ಬಿತ್ತು ಎಂಬ ಲೆಕ್ಕ: ಕಪ್ಪು, ಕಾವಿ, ಹಳದಿ, ಕೆಂಪು, ಹಸಿರು, ನೀಲಿ, ನೇರಳೆ. ಏಳು ಅಂಕಿ, ಒಂದು ಬಣ್ಣ. ಒಟ್ಟು ಸಾವಿರದ ಇನ್ನೂರಾರು ಸಾಲು.

ಪುಸ್ತಕ ನಾನು ಬರೆದಿದ್ದೇನೆಯೇ ಹೊರತು ಓದಿದ್ದು ಕಡಿಮೆ. ಗಿರಾಕಿ ಹಳೇ ಡಬ್ಬಿ ತಂದು "ಇದೇ ಬಣ್ಣ ಬೇಕು" ಎಂದರೆ ನಾನು ಲೇಬಲ್ ಕೂಡ ಓದುವವನಲ್ಲ. ಮುಚ್ಚಳದ ಮೇಲಿನ ಬೊಟ್ಟು ನೋಡುತ್ತೇನೆ, ಕಲಸುತ್ತೇನೆ. ಅಂಕಿ ಬೇಕಾಗುವುದು ಕಣ್ಣಿಲ್ಲದವರಿಗೆ.

ಯಂತ್ರ ಬಂದ ಮೇಲೆ ಮೇಸ್ತ್ರಿ ಏಕೆ ಎಂದು ಮಾಲೀಕರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ 7, ಗುರುವಾರ

ಸೊಸೆ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಾಳೆ. ಮದುವೆಯಾಗಿ ಬಂದು ಎರಡು ವರ್ಷವಾದರೂ ನಮ್ಮಿಬ್ಬರ ಮಾತು "ಊಟ ಆಯ್ತಾ ಮಾವ", "ಆಯ್ತಮ್ಮ" ಎಂಬಲ್ಲಿಗೆ ಮುಗಿಯುತ್ತಿತ್ತು. ಇವತ್ತು ಅವಳೇ ತನ್ನ ಕಂಪ್ಯೂಟರ್ ತಂದು ನನ್ನೆದುರು ತೆರೆದಳು.

"ಮಾವ, ಇದನ್ನ ಆರ್‌ನಲ್ಲಿ ಮಾಡೋಣ."

"ಆರರಲ್ಲಿ ಯಾಕೆ? ಏಳು ಬಣ್ಣ ಇದೆಯಲ್ಲಮ್ಮ."

ಅವಳು ನಕ್ಕಳು. ಆರ್ ಎಂದರೆ ಅಂಕಿಅಂಶಕ್ಕೆಂದೇ ಇರುವ ಕಂಪ್ಯೂಟರ್ ಭಾಷೆಯಂತೆ. ಒಂದೇ ಅಕ್ಷರದ ಹೆಸರು. ನನ್ನ ಪುಸ್ತಕಕ್ಕೆ ಅಲ್ಲಿ ಮ್ಯಾಟ್ರಿಕ್ಸ್ ಎನ್ನುತ್ತಾರಂತೆ: ಬಣ್ಣಕ್ಕೊಂದು ಅಡ್ಡಸಾಲು, ಕಪ್ಪಿಗೊಂದು ಕಂಬಸಾಲು, ಕಾವಿಗೊಂದು ಕಂಬಸಾಲು, ಹೀಗೆ ಏಳು. ಡಬ್ಬಿಯ ಮೇಲಿನ ಲೇಬಲ್ಲಿದೆಯಲ್ಲ, ಏಳು ಅಂಕಿಯ ಒಂಟಿ ಸಾಲು, ಅದು ವೆಕ್ಟರ್. ಎಲ್ಲ ಏರಿಸಿಯಾದ ಮೇಲೆ ಯಾವ ಲೇಬಲ್ ಕೊಟ್ಟರೂ ಅದು ಪುಸ್ತಕದ ಎಷ್ಟನೇ ಸಾಲು ಎಂದು ಕಂಪ್ಯೂಟರ್ ಚಿಟಿಕೆ ಹೊಡೆಯುವುದರೊಳಗೆ ಹೇಳುತ್ತದಂತೆ.

"ಅದನ್ನ ನಾನೇ ಹೇಳ್ತೀನಿ," ಎಂದೆ.

"ಹೇಳ್ತೀರ ಮಾವ. ಆದ್ರೆ ನೀವು ಇಲ್ಲಿದ್ದೀರ, ಡಬ್ಬಿಗಳು ಅಲ್ಲಿವೆ."

ಅದೂ ನಿಜ.

ಮಾರ್ಚ್ 11, ಸೋಮವಾರ

ಹೆಂಡತಿ ಓದುತ್ತಾಳೆ, ನಾನು ಎರಡು ಬೆರಳಲ್ಲಿ ಕುಟ್ಟುತ್ತೇನೆ. ಇನ್ನೂರ ನಲವತ್ತು ಸಾಲು ಆಯಿತು. ನನ್ನ ಅಕ್ಷರಕ್ಕೆ ಅವಳು ಬೈಯುತ್ತಾಳೆ. "ಇದು ಒಂದಾ ಏಳಾ? ಕೋಳಿ ಕೆದಕಿದ ಹಾಗಿದೆ." ಬೈದು ಮುಂದಿನ ಸಾಲಿಗೆ ಹೋಗುತ್ತಾಳೆ. ನಡುವೆ ಚಹಾ. ಕಿಟಕಿಯ ಬಿಸಿಲು ಹನ್ನೊಂದಕ್ಕೆ ಮೇಜಿನ ಮೇಲೆ ಬಂದು ಒಂದಕ್ಕೆ ಹೋಗುತ್ತದೆ. ಇಷ್ಟು ವರ್ಷ ಈ ಬಿಸಿಲು ನಮ್ಮ ಮನೆಗೆ ಬರುತ್ತಿತ್ತೆಂದೇ ನನಗೆ ಗೊತ್ತಿರಲಿಲ್ಲ.

ಮಾರ್ಚ್ 16, ಶನಿವಾರ

ಏಳುನೂರು ದಾಟಿತು. ಸಾಲು 655 ಓದುವಾಗ ಹೆಂಡತಿ ನಿಂತಳು. ಪಕ್ಕದಲ್ಲಿ ನಾನು ಬರೆದಿದ್ದೆ: "ನಮ್ಮ ಮಲಗುವ ಕೋಣೆ". ಮಗ ಹೈಸ್ಕೂಲು ಸೇರಿದ ವರ್ಷ ಅವಳು ಕೇಳಿದ್ದ ತಿಳಿ ಗುಲಾಬಿ. "ಇದನ್ನೂ ಬರ್ಕೊಂಡಿದ್ರಾ?" ಎಂದಳು. ಆಮೇಲೆ ಹತ್ತು ಸಾಲು ಬೈಯದೆ ಓದಿದಳು.

ಮಾರ್ಚ್ 21, ಗುರುವಾರ

ಕೊನೆಯ ಸಾಲು ಮಧ್ಯಾಹ್ನ ಮುಗಿಯಿತು. ಸೊಸೆ ಕೆಲಸದಿಂದ ಬಂದವಳು ಮುಖ ತೊಳೆದು ನೇರ ಕಂಪ್ಯೂಟರಿನ ಮುಂದೆ ಕೂತಳು.

ಪರೀಕ್ಷೆಗೆಂದು ನನಗೆ ಕಂಠಪಾಠವಾಗಿರುವ ಬಣ್ಣವನ್ನೇ ಹೇಳಿದೆ. ಕ್ಷೌರದಂಗಡಿಯ ಬಾಗಿಲಿನ ಬೂದು, ಸಾಲು 212. ಏಳು ಅಂಕಿ ಕೊಟ್ಟು ಗುಂಡಿ ಒತ್ತಿದಳು. ಕಂಪ್ಯೂಟರ್ ಹೇಳಿತು: ಅಂಥ ಸಾಲು ಇಲ್ಲ.

"ಇಲ್ವಾ? ಇನ್ನೂರ ಹನ್ನೆರಡು ನೋಡೋಕೆ ಹೇಳು ಅದಕ್ಕೆ!"

ಇನ್ನೊಂದು ಕೊಟ್ಟೆವು, ಇಲ್ಲ. ಮತ್ತೊಂದು, ಇಲ್ಲ. ಸೊಸೆಯ ಹುಬ್ಬು ಗಂಟಿಕ್ಕಿತು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಬರೆದರೆ ತಪ್ಪಿಲ್ಲ, ಇದನ್ನು ಓದುವವರು ಯಾರೂ ಇಲ್ಲ. ಎರಡು ವಾರ ಕುಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎಂಬ ಬೇಸರವೂ ಇತ್ತು; ಆದರೆ ಖುಷಿ ಒಂದು ತೂಕ ಹೆಚ್ಚು.

ಮಾರ್ಚ್ 22, ಶುಕ್ರವಾರ

ಸಿಕ್ಕಿತು! ಕಂಡುಹಿಡಿದವನು ನಾನು.

ಸೊಸೆ ಪುಸ್ತಕದಿಂದ ಮೂರೇ ಸಾಲು ತೆಗೆದು ಬೇರೆ ಇಟ್ಟು, ಅದಕ್ಕೆ ಒಂದು ಲೇಬಲ್ ಕೊಟ್ಟು ಹೋಲಿಸಿದಳು. ಪರದೆಯ ಮೇಲೆ ಸರಿ, ತಪ್ಪು, ಸರಿ, ತಪ್ಪು ಎಂದು ಇಪ್ಪತ್ತೊಂದು ಮನೆ ತುಂಬಿದವು. ನಾನು ಹೊಸ ಕಣ್ಣಿಂದ ಒಂದೊಂದೇ ಮನೆಯನ್ನು ಪುಸ್ತಕದ, ಲೇಬಲ್ಲಿನ ಅಂಕಿಗೆ ತಾಳೆ ಹಾಕುತ್ತಾ ಹೋದೆ. ಕಪ್ಪಿನ ಎದುರಿಗೆ ಕಾವಿಯ ಅಂಕಿ ಬಂದು ಕೂತಿದೆ, ಅದರ ಕೆಳಗೆ ಹಳದಿಯದು.

"ಅಮ್ಮಾ, ಗೋಡೆಗೆ ಪಟ್ಟಿ ಹೊಡೆಯೋ ಹಾಗೆ ಇದು ಲೇಬಲ್ಲನ್ನ ಎಡದಿಂದ ಬಲಕ್ಕೆ ಎಳೀತಿಲ್ಲ. ಮೇಲಿಂದ ಕೆಳಕ್ಕೆ ಸುರೀತಿದೆ."

ಅವಳು ಹಣೆ ಚಚ್ಚಿಕೊಂಡಳು. ಅದೇ ಆಗಿತ್ತು. ಆರ್ ಭಾಷೆಯ ಜಾಯಮಾನವೇ ಹಾಗಂತೆ, ಮೊದಲ ಕಂಬಸಾಲು ತುಂಬಿಸಿ ಎರಡನೆಯದಕ್ಕೆ ಹೋಗುತ್ತದೆ. ಲೇಬಲ್ ಮುಗಿದರೆ ಮತ್ತೆ ಮೊದಲಿಂದ ಸುರಿಯುತ್ತದೆ. ಒಟ್ಟು ಮನೆಗಳು ಏಳರ ಮಗ್ಗಿಗೆ ಸರಿಹೊಂದುವುದರಿಂದ ತಕರಾರು ಕೂಡ ಎತ್ತುವುದಿಲ್ಲ. ತಪ್ಪನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ.

"ಲ್ಯಾಬಲ್ಲಿ ಎಷ್ಟು ಸಲ ಈ ಗುಂಡಿಗೆ ಬಿದ್ದಿದ್ದೀನಿ ಮಾವ, ಆದ್ರೂ ಹೊಳೀಲಿಲ್ಲ ನೋಡಿ."

"ಈಗೇನು ಮಾಡ್ತೀಯ?"

"ಪುಸ್ತಕಾನೇ ಮಗ್ಗುಲಿಗೆ ಮಲಗಿಸ್ತೀನಿ."

ಮಲಗಿಸಿದಳು. ಅಡ್ಡಸಾಲೆಲ್ಲ ಕಂಬಸಾಲಾದವು, ಈಗ ಮೇಲಿಂದ ಸುರಿದರೆ ಕಪ್ಪಿಗೆ ಕಪ್ಪು, ನೀಲಿಗೆ ನೀಲಿ ಸರಿಯಾಗಿ ಬೀಳುತ್ತದೆ. ಯಾವ ಕಂಬದಲ್ಲಿ ಏಳಕ್ಕೆ ಏಳೂ ಸರಿ ಎಂದು ಎಣಿಸಿದರೆ ಮುಗಿಯಿತು. ಬೂದಿನ ಲೇಬಲ್ ಕೊಟ್ಟೆವು. 212 ಎಂದು ಬಂತು. ನಾವಿಬ್ಬರೂ ಕಿರುಚಿದ್ದಕ್ಕೆ ಹೆಂಡತಿ ಸೌಟು ಹಿಡಿದೇ ಓಡಿಬಂದಳು.

ಮಾರ್ಚ್ 26, ಮಂಗಳವಾರ

ದಿನಗಳು ಚೆನ್ನಾಗಿವೆ. ಬೆಳಗ್ಗೆ ಹತ್ತಕ್ಕೆ ಮುಚ್ಚಳಮ್ಮ ಅಂಗಡಿಯಿಂದ ಫೋನ್ ಮಾಡುತ್ತಾಳೆ. ಗಿರಾಕಿಗಳು ತಂದ ಹಳೇ ಡಬ್ಬಿಯ ಲೇಬಲ್ ಓದುತ್ತಾಳೆ, ನಾನು ಕಂಪ್ಯೂಟರ್‌ಗೆ ಕೊಟ್ಟು, ಪುಸ್ತಕಕ್ಕೆ ತಾಳೆಯಾಯಿತೇ ನೋಡಿ ಸಾಲು ಹೇಳುತ್ತೇನೆ, ಅವಳು ಕಲಸಿ ಕೊಡುತ್ತಾಳೆ. ಹೊಸ ಬಣ್ಣ ಬೇಕಾದವರು ನಾನು ಬರುವವರೆಗೆ ಕಾಯಬೇಕು. ಅಂಕಿ ನೋಡಿ ಕಲಸಲು ಯಾರಾದರೇನು.

"ಮುನ್ನೂರ ತೊಂಬತ್ತು," ಎಂದೆ ಇವತ್ತು. "ಅದು ಬೇಕರಿಯವರ ಕಿಟಕಿ. ಹದಿನೆಂಟು ವರ್ಷ ಆಯ್ತು ಕಲಸಿ."

"ಹೌದು ಮೇಸ್ತ್ರಿ, ಬೇಕರಿಯವರೇ ನಿಂತಿದ್ದಾರೆ," ಎಂದಳು. ಅವಳ ದನಿಯಲ್ಲಿ ಅಚ್ಚರಿ ಕೇಳಿ ಹಿತವಾಯಿತು.

ಮಾರ್ಚ್ 28, ಗುರುವಾರ

ಶಾಲೆಯ ಉದ್ದನೆಯ ಕಾರಿಡಾರ್. ಎರಡು ವರ್ಷದ ಹಿಂದೆ ಅರ್ಧ ಬಳಿದಿದ್ದರು, ಉಳಿದರ್ಧವನ್ನು ಈಗ ಬಳಿಯುತ್ತಾರಂತೆ. ಮೂವತ್ತು ಡಬ್ಬಿ ಬೇಕು, ಹಳೆಯದಕ್ಕೆ ಸೇರಿದ ಜಾಗ ಕಾಣಬಾರದು. ಮುಚ್ಚಳಮ್ಮ ಹಳೇ ಡಬ್ಬಿಯ ಲೇಬಲ್ ಓದಿದಳು: ಕಪ್ಪು ಎರಡು, ಕಾವಿ ಸೊನ್ನೆ, ಹಳದಿ ಮೂರು, ಕೆಂಪು ಸೊನ್ನೆ, ಹಸಿರು ಒಂಬತ್ತು, ನೀಲಿ ಹದಿನಾಲ್ಕು, ನೇರಳೆ ಒಂದು.

ಕಂಪ್ಯೂಟರ್ ಎಂದಿತು: ಇಲ್ಲ.

"ಕನ್ನಡಕ ಒರೆಸ್ಕೊಂಡು ಓದು," ಎಂದೆ.

ಮತ್ತೆ ಓದಿದಳು. ಅದೇ ಏಳು ಅಂಕಿ.

ಶಾಲೆಯ ಬಣ್ಣ ನನಗೆ ನೆನಪಿದೆ, ಸಾಲು 1107. ತೆಗೆದು ನೋಡಿದೆ. ಎಲ್ಲವೂ ಅದೇ, ನೀಲಿ ಮಾತ್ರ ಹನ್ನೊಂದು.

"ಲೇಬಲ್ ಬರೆಯುವಾಗ ತಪ್ಪು ಬರ್ದಿದ್ದೀಯ. ನೀಲಿ ಹನ್ನೊಂದು. ಪುಸ್ತಕದ ಪ್ರಕಾರ ಕಲಸು."

ಆ ಕಡೆ ಡಬ್ಬಿ ಕೆಳಗಿಟ್ಟ ಸದ್ದು. ಆಮೇಲೆ, "ಸರಿ ಮೇಸ್ತ್ರಿ," ಎಂದಳು.

ಮಾರ್ಚ್ 29, ಶುಕ್ರವಾರ

ಇವತ್ತಿನ ನಾಲ್ಕು ಲೇಬಲ್ಲಿನಲ್ಲಿ ಎರಡು ಸಿಗಲಿಲ್ಲ. ಎರಡೂ ಈಚಿನವು. ಹಳೇ ಡಬ್ಬಿಯಾದರೆ ಥಟ್ಟನೆ ಸಿಗುತ್ತದೆ, ಈಚಿನದಾದರೆ ಇಲ್ಲ.

ಸಂಜೆ ಸೊಸೆ ಬೇರೆ ರೀತಿ ಕೇಳಿ ನೋಡಿದಳು. ಏಳಕ್ಕೆ ಏಳು ಬೇಡ, ಆರು ಸರಿಯಿದ್ದರೂ ತೋರಿಸು ಎಂದು. ಆಗ ಎರಡೂ ಸಿಕ್ಕವು. ತಪ್ಪಿದ ಆ ಒಂದು ಯಾವುದೆಂದು ನೋಡಿದರೆ ಎರಡರಲ್ಲೂ ನೀಲಿಯ ಕಂಬಸಾಲು. ಎರಡರಲ್ಲೂ ಲೇಬಲ್ಲಿನಲ್ಲೇ ಹೆಚ್ಚು.

"ಮಾವ, ಕೈತಪ್ಪಾದ್ರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗ್ಬೇಕು. ಒಂದ್ಸಲ ನೀಲಿ, ಒಂದ್ಸಲ ಹಳದಿ ಆಗ್ಬೇಕು. ಇದು ಕೈತಪ್ಪಲ್ಲ."

"ಮತ್ತೇನು?"

ಅವಳು ನನ್ನ ಕಣ್ಣುಗಳನ್ನೊಮ್ಮೆ ನೋಡಿ ಕಂಪ್ಯೂಟರ್ ಮುಚ್ಚಿದಳು.

ಮಾರ್ಚ್ 30, ಶನಿವಾರ

ಸಿಟ್ಟು ಬಂದಿದೆ. ಮಾಲೀಕರು ಮಾತಿನ ನಡುವೆ ಅಂದರು, ಶಾಲೆಯ ಮೂವತ್ತು ಡಬ್ಬಿಯನ್ನೂ ಮುಚ್ಚಳಮ್ಮ ಲೇಬಲ್ ಪ್ರಕಾರವೇ ಕಲಸಿ ಕಳಿಸಿಬಿಟ್ಟಳಂತೆ. ನಾನು ಹೇಳಿದ ಮೇಲೂ! "ಸರಿ ಮೇಸ್ತ್ರಿ" ಎಂದವಳು! ಕಾರಿಡಾರಿನ ನಟ್ಟನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ, ಬೈಗುಳ ನನ್ನ ಹೆಸರಿಗೆ ಬರುತ್ತದೆ. ಸೋಮವಾರ ಹೋಗಿ ಕಣ್ಣಾರೆ ನೋಡುತ್ತೇನೆ. ಶಾಲೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿಲ್ಲ.

ಏಪ್ರಿಲ್ 1, ಸೋಮವಾರ

ಸೊಸೆ ರಜೆ ಹಾಕಿ ಕರೆದುಕೊಂಡು ಹೋದಳು. ದಾರಿಯಲ್ಲಿ ಅಂಗಡಿ. ನನ್ನನ್ನು ಆಟೋದಲ್ಲೇ ಕೂರಿಸಿ, "ಒಂದು ನಿಮಿಷ ಮಾವ" ಎಂದು ಅವಳೊಬ್ಬಳೇ ಇಳಿದು ಹೋದಳು. ಬರುವಾಗ ಕೈಯಲ್ಲಿ ಅಂಗೈಯಗಲದ ರಟ್ಟು.

"ಇದೇನು?"

"ಅಂಗಡಿಯವರು ಕೊಟ್ರು. ಪುಸ್ತಕದ ಪ್ರಕಾರ ಕಲಸಿ ಬಳಿದದ್ದಂತೆ, ನೀಲಿ ಹನ್ನೊಂದು. ಗೋಡೆ ಪಕ್ಕ ಹಿಡಿದು ನೋಡಿ ಅಂದ್ರು."

ಶಾಲೆಯಲ್ಲಿ ಪಾಠ ನಡೆಯುತ್ತಿತ್ತು. ಕಾರಿಡಾರ್ ಖಾಲಿ. ಬಾಗಿಲುಗಳ ಹಿಂದಿನಿಂದ ಮಗ್ಗಿ ಹೇಳುವ ಸದ್ದು. ಹೊಸ ಬಣ್ಣ ಆಗಲೇ ಒಣಗಿತ್ತು. ಈ ತುದಿಯಿಂದ ಆ ತುದಿಗೆ ನಡೆದೆ, ವಾಪಸು ಬಂದೆ. ಸೇರಿದ ಜಾಗ ಕಾಣಲಿಲ್ಲ. ಎಡಗಣ್ಣು ಮುಚ್ಚಿಕೊಂಡು, ಹೊಸ ಕಣ್ಣೊಂದರಿಂದಲೇ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಎಲ್ಲಿಯೂ ಇಲ್ಲ. ಕೊನೆಗೆ ಜವಾನನನ್ನು ಕೇಳಬೇಕಾಯಿತು. "ಆ ಮೂರನೇ ಕಿಟಕಿ ಹತ್ರಾನೇ ಸೇರ್ಸಿದ್ದು ಸರ್" ಎಂದು ತೋರಿಸಿದ.

ಆಮೇಲೆ ರಟ್ಟನ್ನು ಗೋಡೆಗೆ ಹಿಡಿದೆ. ಮೊದಲು ಬಲಗಣ್ಣು ಮುಚ್ಚಿ, ಹಳೇ ಕಣ್ಣಿಂದ. ರಟ್ಟು ಯಾವುದು ಗೋಡೆ ಯಾವುದು ತಿಳಿಯದಷ್ಟು ಒಂದೇ. ನೋಡು, ನಾನು ಸರಿ, ಎಂದುಕೊಂಡೆ. ಕೈ ಬದಲಿಸಿ ಎಡಗಣ್ಣು ಮುಚ್ಚಿದೆ.

ರಟ್ಟು ಬೇರೆ ಬಣ್ಣದ್ದು. ಮಕ್ಕಳಿಗೂ ಗೊತ್ತಾಗುವಷ್ಟು ಬೇರೆ. ಗೋಡೆ ಬೆಳಗಿನ ಹೊತ್ತಿನ ನೀರಿನ ಹಾಗೆ ತಿಳಿಯಾಗಿತ್ತು, ರಟ್ಟು ಕಲಕಿದ ಕೆರೆಯ ಹಾಗೆ ಮಂಕಾಗಿತ್ತು. ಎಷ್ಟು ಸಲ ಕಣ್ಣು ಬದಲಿಸಿ ನೋಡಿದೆನೋ. ಸೊಸೆ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು, ನನ್ನ ಕಡೆ ನೋಡಲೇ ಇಲ್ಲ. ಒಳ್ಳೆಯ ಹುಡುಗಿ.

ಏಪ್ರಿಲ್ 2, ಮಂಗಳವಾರ

ಮುಚ್ಚಳಮ್ಮ ಪ್ರತಿ ಲೇಬಲ್ಲಿನ ಒಂದು ನಕಲನ್ನು ದಾರಕ್ಕೆ ಪೋಣಿಸಿ ಇಟ್ಟಿದ್ದಾಳಂತೆ. ಕಟ್ಟು ತರಿಸಿ ಕಳೆದ ಆರು ವರ್ಷದವನ್ನೆಲ್ಲ ಕಂಪ್ಯೂಟರ್‌ಗೆ ಕೊಟ್ಟೆವು. ಮೊದಲೆರಡು ವರ್ಷ ಎಲ್ಲವೂ ತಾಳೆ. ನಾಲ್ಕು ವರ್ಷದ ಹಿಂದಿನಿಂದ ನೀಲಿ ಒಂದು ತೊಟ್ಟು ಹೆಚ್ಚು. ಮರುವರ್ಷ ಎರಡು. ಅದರ ಮರುವರ್ಷ ಮೂರು. ಕಳೆದ ವರ್ಷ ಐದು. ಒಟ್ಟು ನೂರ ನಲವತ್ತಮೂರು ಬಣ್ಣ.

ನೀಲಿ ಸಾಕು ಎಂದು ನನ್ನ ಕಣ್ಣು ವರ್ಷವರ್ಷ ಸ್ವಲ್ಪ ಸ್ವಲ್ಪ ಬೇಗ ಹೇಳುತ್ತಾ ಬಂದಿದೆ.

ಊಟ ಸೇರಲಿಲ್ಲ.

ಏಪ್ರಿಲ್ 4, ಗುರುವಾರ

ಫೋನಿನಲ್ಲಿ ಆಡುವ ಮಾತಲ್ಲ ಎನಿಸಿ ಲೇಬಲ್ ಬರೆದವರನ್ನೇ ಮನೆಗೆ ಬರಹೇಳಿದ್ದೆ. ಅಂಗಡಿ ಮುಚ್ಚಿ ಸಂಜೆ ಆರಕ್ಕೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೆಂಡತಿ ಚಹಾ ಕೊಟ್ಟು, ಬಟ್ಟೆ ತೆಗೆಯಬೇಕು ಎಂದು ಮಹಡಿಗೆ ಹೋದಳು.

ಲೇಬಲ್ಲಿನ ಕಟ್ಟನ್ನು ಮೇಜಿನ ಮೇಲಿಟ್ಟೆ. "ನೀಲಿ ಸೇರಿಸ್ತಿದ್ದದ್ದು..." ಎಂದೆ.

"ಹೌದು ಮೇಸ್ತ್ರಿ. ನಾನೇ."

"ಕಡಿಮೆ ಇದೆ ಅಂತ ಹೇಗೆ ಗೊತ್ತಾಯ್ತು?"

"ಗಿರಾಕಿ ತಂದ ಹಳೇ ಮುಚ್ಚಳದ ಬೊಟ್ಟಿನ ಪಕ್ಕ ನಾನು ಹೊಸ ಬೊಟ್ಟು ಇಟ್ಟು ನೋಡ್ತೀನಲ್ಲ. ಕಾಣ್ಸುತ್ತೆ." ಅವರು ಚಹಾ ಊದಿ ಕುಡಿದರು. "ಇಲ್ಲಿಗೆ ಬರೋ ಮುಂಚೆ ಹತ್ತೊಂಬತ್ತು ವರ್ಷ ದಾರದಂಗಡೀಲಿದ್ದೆ. ದರ್ಜಿಗಳು ಬಟ್ಟೆ ಚೂರು ತರ್ತಿದ್ರು, ಅದಕ್ಕೆ ದಾರ ಆರಿಸಿ ಕೊಡೋದು. ನೀಲೀಲೇ ನೂರ ಅರವತ್ತು ಉಂಡೆ ಇತ್ತು."

ಆರು ವರ್ಷ ಒಂದೇ ಛಾವಣಿಯ ಕೆಳಗೆ ಕೆಲಸ ಮಾಡಿದ್ದೇವೆ. ಮುಂಚೆ ಎಲ್ಲಿದ್ದಿರಿ ಎಂದು ನಾನು ಕೇಳಿಯೇ ಇರಲಿಲ್ಲ.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ?"

ಅವರು ಲೋಟ ಕೆಳಗಿಟ್ಟರು. "ಹೇಳಿದ್ದೆ ಮೇಸ್ತ್ರಿ. ಮೊದಲನೇ ಸಲ. ಔಷಧಿ ಅಂಗಡಿಯವರ ಬೋರ್ಡಿಗೆ ಕಲಸಿದ್ರಲ್ಲ, ಆವಾಗ. ನೀಲಿ ಸ್ವಲ್ಪ ಸಾಲದೇನೋ ಅಂದೆ. 'ನಿನ್ನ ಕೆಲಸ ಸುತ್ತಿಗೇದು, ಅದು ನೋಡ್ಕೋ' ಅಂದ್ರಿ."

ನನಗೆ ನೆನಪಿಲ್ಲ. ಎಷ್ಟು ತಡಕಿದರೂ ನೆನಪಿಲ್ಲ. ಆದರೆ ಮಾತು ನನ್ನದೇ, ಅನುಮಾನವಿಲ್ಲ.

"ಆಮೇಲೆ ಹೇಳೋಕೆ ಹೋಗ್ಲಿಲ್ಲ. ಒಂದು ತೊಟ್ಟು ಹಾಕಿದ್ರೆ ಸರಿಹೋಗೋದಕ್ಕೆ ಮಾತು ಯಾಕೆ ಅಂತ. ಆದ್ರೆ ಲೇಬಲ್ ಮಾತ್ರ ನಿಜಾನೇ ಬರೀತಿದ್ದೆ. ನಾಳೆ ಗಿರಾಕಿ ಅದನ್ನೇ ನಂಬ್ಕೊಂಡು ಬರ್ತಾನೆ."

"ಮಾಲೀಕರಿಗೆ?"

"ಅವರಿಗ್ಯಾಕೆ?" ಎಂದರು, ಆಶ್ಚರ್ಯದಿಂದ. "ಬಾಕಿ ಆರು ಬಣ್ಣ ನಿಮ್ಮ ಹಾಗೆ ಹಾಕೋಕೆ ನನಗೆ ಬರಲ್ಲ ಮೇಸ್ತ್ರಿ. ನೀವು ಊಟ ಬಡಿಸಿದ ಮೇಲೆ ನಾನು ಉಪ್ಪು ಹಾಕ್ತಿದ್ದೆ, ಅಷ್ಟೇ."

ಹೋಗುವಾಗ ಬಾಗಿಲಲ್ಲಿ ನಿಂತು, "ಸೋಮವಾರ ಆಪರೇಶನ್‌ಗೆ ಹೆದರ್ಬೇಡಿ, ಇರುವೆ ಕಚ್ಚಿದಷ್ಟೂ ಇರಲ್ವಂತೆ," ಎಂದರು. ಮೊದಲನೆಯದು ಮಾಡಿಸಿಕೊಂಡವನಿಗೇ ಧೈರ್ಯ ಹೇಳಿದರು. ನಾನು ಹೂಂ ಎಂದೆ. ತಪ್ಪಾಯಿತು ಎನ್ನಬೇಕಿತ್ತು. ಗೇಟು ಹಾಕಿಕೊಂಡ ಮೇಲೆ ಬಾಯಿಗೆ ಬಂತು.

ಏಪ್ರಿಲ್ 5, ಶುಕ್ರವಾರ

ಸೊಸೆ ಕೇಳಿದಳು: ನೂರ ನಲವತ್ತಮೂರು ಸಾಲಿನಲ್ಲಿ ನೀಲಿ ತಿದ್ದಿಬಿಡೋಣವೇ? ಒಂದೇ ಆಜ್ಞೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಆ ಕೊನೆಯ ಮಾತನ್ನು ಅವಳು ನೆಲ ನೋಡುತ್ತಾ ಹೇಳಿದಳು.

ಮಹಡಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಮಾಲೀಕರಿಗೆ ಗೊತ್ತಾದರೆ ಯಂತ್ರ ಬರುವ ಮೊದಲೇ ನನ್ನನ್ನು ಕಳಿಸಬಹುದು. ಕಣ್ಣು ಹೋದ ಮೇಸ್ತ್ರಿ ಯಾರಿಗೆ ಬೇಕು. ಗೊತ್ತಾಗದಿದ್ದರೆ ಎಲ್ಲ ಮೊದಲಿನ ಹಾಗೆಯೇ. ಯಂತ್ರ ಬಂದಾಗ ಮುಚ್ಚಳ ಬಡಿಯುವ ಕೆಲಸವೂ ಅದೇ ಮಾಡುತ್ತದೆ ಎಂದು ಮಾಲೀಕರು ಒಮ್ಮೆ ಅಂದದ್ದು ನೆನಪಾಯಿತು. ಹಾಗಾದರೆ ಮನೆಗೆ ಹೋಗುವವರು ಯಾರು?

ಕೆಳಗೆ ಬಂದು ಫೋನ್ ಮಾಡಿದೆ. ಎಲ್ಲ ಹೇಳಿದೆ. ಕಣ್ಣಿನದು, ನೀಲಿಯದು, ನೂರ ನಲವತ್ತಮೂರು.

ಮಾಲೀಕರು ಲೆಕ್ಕ ಹಾಕಿದರು. "ಅಂದ್ರೆ ನಾಲ್ಕು ವರ್ಷದಿಂದ ಒಂದೇ ಒಂದು ಡಬ್ಬಿ ವಾಪಸ್ ಬರದೇ ಇದ್ದದ್ದು ಆಕೆಯಿಂದ?"

"ಹೌದು."

"ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಮೇಸ್ತ್ರಿ."

"ಅದಕ್ಕೇ ಹೇಳಿದ್ದು. ಯಂತ್ರ ಬಂದಾಗ ಅದರ ಮುಂದೆ ಅವರನ್ನ ಕೂರಿಸಿ. ಅಂಕಿ ಯಂತ್ರ ಹಾಕುತ್ತೆ. ಸರಿ ಇದೆಯಾ ಅಂತ ನೋಡೋಕೆ ಕಣ್ಣು ಬೇಕಲ್ಲ."

"ನೀವು?"

"ನನ್ನ ವಿಷಯ ನೀವು ಹೇಳಿ."

ಯೋಚನೆ ಮಾಡ್ತೀನಿ ಎಂದು ಇಟ್ಟರು. ಸಂಜೆ ಸೊಸೆಯೂ ನಾನೂ ಸಾಲು ತಿದ್ದಿದೆವು. ಒಂದೇ ಆಜ್ಞೆ ಬೇಡ, ಒಂದೊಂದೇ ತಿದ್ದೋಣ ಎಂದೆ. ಯಾವುದು ಎಷ್ಟು ಕಡಿಮೆಯಿತ್ತು ಎಂದು ನೋಡಬೇಕಿತ್ತು. ಹೆಂಡತಿ ಓದಿದಳು.

ಏಪ್ರಿಲ್ 10, ಬುಧವಾರ

ಎಡಗಣ್ಣೂ ಆಯಿತು. ಪಟ್ಟಿ ಬಿಚ್ಚಿದರು. ಈಗ ಎರಡೂ ಕಣ್ಣು ಒಂದೇ ಮಾತು ಹೇಳುತ್ತವೆ. ಹೆಂಡತಿಯ ಹಸಿರು ಸ್ವೆಟರ್ ಹಸಿರಲ್ಲ, ನೀಲಿಯಂತೆ. "ತಗೊಂಡಾಗಿಂದ ನೀಲೀನೇ ರೀ," ಎಂದಳು. ತೆಗೆದುಕೊಂಡು ಮೂರು ವರ್ಷವಾಗಿದೆ. ಚೆನ್ನಾಗಿ ಒಪ್ಪುತ್ತದೆ ಎಂದೆ.

ಏಪ್ರಿಲ್ 13, ಶನಿವಾರ

ಮಾಲೀಕರು ಹಣ್ಣು ತೆಗೆದುಕೊಂಡು ಬಂದಿದ್ದರು. ಹಳೇ ಬಣ್ಣವನ್ನೆಲ್ಲ ಯಂತ್ರ ಕಲಸಲಿ, ಹೊಸ ಬಣ್ಣ ಹುಟ್ಟಿಸುವುದು ನೀವಿಬ್ಬರೂ ಸೇರಿ ಮಾಡಿ ಎಂದರು. ಮುಚ್ಚಳ ಬಡಿಯುವುದು ಯಾರು ಎಂದು ಕೇಳಿದೆ. "ಸರದಿ ಪ್ರಕಾರ," ಎಂದು ನಕ್ಕರು.

ಸೊಸೆಗೆ ಹೇಳಿದರೆ ಕುಣಿದಳು. ರಾತ್ರಿ ಊಟಕ್ಕೆ ಕೂತಾಗ ಮಗ, "ನಿಮ್ಮಿಬ್ಬರ ಮಾತು ಮುಗಿದ್ರೆ ನಾನೂ ಒಂದು ಮಾತಾಡ್ತೀನಿ," ಎಂದ. ಮುಗಿಯಲಿಲ್ಲ.

ಏಪ್ರಿಲ್ 22, ಸೋಮವಾರ

ಕೆಲಸಕ್ಕೆ ಮೊದಲ ದಿನ. ಬಾಗಿಲು ತೆರೆಯುವ ಮುಂಚೆ ತಪ್ಪಾಯಿತು ಎಂದು ಹೇಳಿದೆ. "ಯಾವುದಕ್ಕೆ ಮೇಸ್ತ್ರಿ?" ಎಂದರು. ಔಷಧಿ ಅಂಗಡಿ ಬೋರ್ಡಿನ ದಿನ ಆಡಿದ ಮಾತಿಗೆ ಎಂದೆ. "ಓ, ಅದಾ," ಎಂದು ಷಟರ್ ಎತ್ತಿದರು.

ಹನ್ನೊಂದರ ಹೊತ್ತಿಗೆ ಒಬ್ಬ ಅಜ್ಜಿ ಬಂದು, ತನ್ನ ಬೆಕ್ಕಿನ ಬಣ್ಣದ ಬಾಗಿಲು ಬೇಕು ಎಂದರು. ಬೆಕ್ಕನ್ನೂ ಬುಟ್ಟಿಯಲ್ಲಿ ತಂದಿದ್ದರು. ಬೂದು ಬೆಕ್ಕು. ನಾನು ಕಪ್ಪು, ಕಾವಿ ಹಾಕಿ, ಒಂದು ತೊಟ್ಟು ನೇರಳೆ ಎಂದೆ. ನನ್ನ ಜೊತೆಯವರು ನೇರಳೆ ಕೂಡದು ಎಂದರು.

"ಬೆಕ್ಕಿನ ಬೆನ್ನು ನೋಡಿ, ನೇರಳೆ ಹೊಳಪಿದೆ," ಎಂದೆ.

"ಅದು ನಿಮ್ಮ ಅಂಗಿಯ ನೆರಳು ಮೇಸ್ತ್ರಿ. ಆ ಕಡೆ ಸರೀರಿ."

ಸರಿದೆ. ಆದರೂ ಇದೆ ಎಂದೆ. ಬೆಕ್ಕನ್ನು ಬಿಸಿಲಿಗೆ ಒಯ್ದರು, ನೆರಳಿಗೆ ತಂದರು. ನಾನೊಂದು ರಟ್ಟಿಗೆ ಬಳಿದೆ, ಅವರೊಂದಕ್ಕೆ ಬಳಿದರು. ಅರ್ಧ ಗಂಟೆಯಾಯಿತು. ನಿಮ್ಮ ಜಗಳ ಮುಗಿಸಿ ಕರೀರಪ್ಪ ಎಂದು ಅಜ್ಜಿ ಪಕ್ಕದಂಗಡಿಗೆ ಚಹಾ ಕುಡಿಯಲು ಹೋದರು. ಕೊನೆಗೆ ಬೆಕ್ಕೇ ಬುಟ್ಟಿಯಿಂದ ಹಾರಿ ಅವರ ರಟ್ಟಿನ ಮೇಲೆ ಕಾಲಿಟ್ಟಿತು. ಅದೇ ತೀರ್ಪು ಎಂದು ಅವರು ಹಟ ಹಿಡಿದರು. ನೇರಳೆಯಿಲ್ಲದೆ ಕಲಸಿದೆವು. ಅಜ್ಜಿ ಒಪ್ಪಿಕೊಂಡು ಹೋದರು. ನೇರಳೆ ಹಾಕಬೇಕಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ನಾಳೆ ಅಜ್ಜಿಯ ಬಾಗಿಲಿಗೇ ಹೋಗಿ ತೋರಿಸುತ್ತೇನೆ, ಇಬ್ಬರೂ ಹೋಗುವುದೆಂದು ಪಂದ್ಯ ಕಟ್ಟಿದ್ದೇವೆ.

ಮನೆಗೆ ಬಂದಾಗ ವಿಪರೀತ ಹಸಿವು. ಎರಡನೇ ಸಲ ಬಡಿಸಿಕೊಂಡಾಗ ಹೆಂಡತಿ, "ಇವತ್ತೇನು ಕಲ್ಲು ಹೊತ್ರಾ?" ಎಂದಳು.

"ಇಲ್ಲ, ಬೆಳಗ್ಗಿಂದ ಜಗಳ. ಅವರು ನೇರಳೆ ಬೇಡ ಅಂತಾರೆ."

"ಅವರು ಅಂದ್ರೆ ಯಾರು?"

ಎಂಥ ಪ್ರಶ್ನೆ. ಅಂಗಡಿಯಲ್ಲಿ ಇನ್ಯಾರಿದ್ದಾರೆ?